ತಳವಿಲ್ಲದ ಬಕೀಟು

ನಮ್ಮ ಬಚ್ಚಲಿಗೆ ಶವರ್ ಬಂದದ್ದು ಹೋದ ದೀಪಾವಳಿಗೆ ಒಂದು ವಾರ ಮೊದಲು. ಮಗ ಹೈದರಾಬಾದಿಗೆ ಹೋದವನು ಬರುವಾಗ ತಂದ. ಊಟದ ತಾಟಿನಷ್ಟು ಅಗಲ, ಮುಖ ಕಾಣುವಷ್ಟು ಹೊಳಪು, ಮೈತುಂಬ ಸೂಜಿ ಚುಚ್ಚಿದಂಥ ತೂತು. ಪ್ಲಂಬರ್ ಅದನ್ನು ಗೋಡೆಗೆ ಏರಿಸಿ, ಸ್ಟೂಲಿನಿಂದ ಇಳಿದು, ಕತ್ತೆತ್ತಿ ನೋಡಿ, "ಸರ್, ಇದು ಮಳಿ ಬಿದ್ದಂಗ ಬೀಳ್ತದ ನೋಡ್ರಿ" ಎಂದ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಸೇಡಂದಾಗ ಮಳಿ ಹ್ಯಾಂಗ ಬೀಳ್ತದಂತ ನಮಗ ಗೊತ್ತದ ತಗೋ. ತಿಂಗಳಿಗಿ ಇದರ ಖರ್ಚೆಷ್ಟು, ಅದು ಹೇಳು" ಎಂದಳು.

ಪ್ಲಂಬರ್ ನನ್ನ ಮುಖ ನೋಡಿದ. ನಾನು ಮಗನ ಮುಖ ನೋಡಿದೆ. ಮಗ ಫೋನು ನೋಡಿಕೊಂಡ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನ ಮನೆಯಲ್ಲಿ ಇಷ್ಟು ಸಣ್ಣ ಪ್ರಶ್ನೆಗೆ ಉತ್ತರವಿಲ್ಲದೆ ಹೋಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ಅವತ್ತೇ ನೂರು ಹಾಳೆಯ ಒಂದು ನೋಟ್‌ಬುಕ್ ತೆಗೆದು, ಮೊದಲ ಪುಟದಲ್ಲಿ 'ಜಳಕದ ಜಮಾಖರ್ಚು' ಎಂದು ಬರೆದು, ಕೆಳಗೆ ಎರಡು ಗೀಟು ಎಳೆದೆ.

ಲೆಕ್ಕಕ್ಕೆ ಬೇಕಾದ ಸಾಮಗ್ರಿ ನಮ್ಮ ಬಳಗದಲ್ಲೇ ಇತ್ತು. ನಮ್ಮವರು ರೈಲು ಹಳಿಯ ಗುಂಟ ಕಾಳು ಚೆಲ್ಲಿದ ಹಾಗೆ ಚೆಲ್ಲಿಕೊಂಡಿದ್ದಾರೆ. ನಾವು ಸೇಡಂನಲ್ಲಿ, ಅಕ್ಕ ಚಿತ್ತಾಪುರದಲ್ಲಿ, ಸೋದರಮಾವ ವಾಡಿಯಲ್ಲಿ, ಕಾಕಾ ಶಹಾಬಾದಿನಲ್ಲಿ. ನಮ್ಮ ಮೂಲ ಊರು ಮಾತ್ರ ಚಿಂಚೋಳಿ ಕಡೆಯ ಹಳ್ಳಿ. ಅಲ್ಲಿಗೆ ಹಳಿ ಹೋಗಿಲ್ಲ, ಬಸ್ಸೇ ಗತಿ. ಐದು ಊರಿನ ಐದು ಬಚ್ಚಲು, ಐದು ನಮೂನೆಯ ಬಿಸಿನೀರು. ಇಷ್ಟು ದಿನ ಈ ಮನೆಗಳಿಗೆ ಹಬ್ಬಕ್ಕೆ, ಮದುವೆಗೆ, ಮಣ್ಣಿಗೆ ಹೋಗುತ್ತಿದ್ದೆ. ಆ ಚಳಿಗಾಲ ಜಳಕ ಮಾಡಲಿಕ್ಕೆಂದೇ ಹೋದೆ.

ಮೊದಲು ಲೆಕ್ಕದ ಪಾಯ ಹಾಕಿಬಿಡುತ್ತೇನೆ. ಇದನ್ನು ಎಂಟನೆಯತ್ತೆಯ ಹುಡುಗನೂ ಮಾಡಿಯಾನು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ನಮ್ಮ ಬಕೀಟು 20 ಲೀಟರಿನದು. ಚಳಿಗಾಲದ ಬೆಳಿಗ್ಗೆ ಟಾಕಿಯ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟಾಗ 22 ಡಿಗ್ರಿ ತೋರಿಸಿತು. ಮೈಗೆ ಹಿತವಾಗುವುದು 40ಕ್ಕೆ. ನಡುವಿನ 18 ಡಿಗ್ರಿಯನ್ನು 20 ಲೀಟರಿಗೆ ಗುಣಿಸಿದರೆ 360 ಕಿಲೋಕ್ಯಾಲೊರಿ. ಇದು ಒಬ್ಬ ಮನುಷ್ಯನ ಒಂದು ಜಳಕದ ಶಾಖ. ಒಲೆಯಿಂದ ಬರಲಿ, ತಂತಿಯಿಂದ ಬರಲಿ, ಸೂರ್ಯನಿಂದ ಬರಲಿ, ನೀರಿಗೆ ಬೇಕಾದದ್ದು ಅಷ್ಟೇ.

ನಮ್ಮ ಅವ್ವ ಈ 360 ಕಿಲೋಕ್ಯಾಲೊರಿಯನ್ನು ತೊಗರಿ ಕಟ್ಟಿಗೆಯಿಂದ ತೆಗೆಯುತ್ತಿದ್ದಳು. ಕಲಬುರಗಿ ಸೀಮೆಯನ್ನು ತೊಗರಿಯ ಕಣಜ ಅನ್ನುತ್ತಾರೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಕಾಳಿನ ಹೊಗಳಿಕೆ ಎಲ್ಲರೂ ಮಾಡುತ್ತಾರೆ, ಕಟ್ಟಿಗೆಯ ಹೊಗಳಿಕೆ ಯಾರೂ ಮಾಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಶಿ ಮುಗಿದ ಮೇಲೆ ಒಣಗಿದ ಗಿಡವೆಲ್ಲ ಹೊರೆ ಹೊರೆಯಾಗಿ ಹಿತ್ತಲಿಗೆ ಬಂದು ಬಣವಿಯಾಗುತ್ತಿತ್ತು. ನೀರು ಕಾಸುವ ಚಳಿ ಬೀಳುವುದೂ ಅದೇ ಹೊತ್ತಿಗೆ. ಬೆಂಕಿ ಹಚ್ಚಿದರೆ ತೊಗರಿ ಕಟ್ಟಿಗೆ ಚಟಪಟ ಎಂದು ಮಾತಾಡುತ್ತದೆ. ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಅದಕ್ಕೇ ಹಂಡೆಯ ಮುಂದೆ ಒಬ್ಬರು ಕೂತೇ ಇರಬೇಕು. ಕೂರುತ್ತಿದ್ದವಳು ಅವ್ವ. ಒಣ ಕಟ್ಟಿಗೆಯ ಕಿಲೋಕ್ಕೆ ಸುಮಾರು 4000 ಕಿಲೋಕ್ಯಾಲೊರಿ ಶಾಖವಿದ್ದರೂ ಹಂಡೆಯ ಒಲೆ ಅದರಲ್ಲಿ ನೂರಕ್ಕೆ ಹದಿನೈದರಷ್ಟನ್ನು ನೀರಿಗೆ ಮುಟ್ಟಿಸಿದರೆ ಹೆಚ್ಚು. ಉಳಿದದ್ದು ಗೋಡೆಗೆ, ಗಾಳಿಗೆ, ಅವ್ವನ ಕಣ್ಣಿಗೆ. ಹಾಗೆ ಲೆಕ್ಕ ಹಾಕಿದರೆ ಬಕೀಟಿಗೆ 600 ಗ್ರಾಂ ಕಟ್ಟಿಗೆ. ಎಂಟು ಮಂದಿಯ ಮನೆಗೆ ದಿನಕ್ಕೆ ಐದು ಕಿಲೋ. ರೊಕ್ಕದ ಲೆಕ್ಕದಲ್ಲಿ ಸೊನ್ನೆ.

ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆಯಹೋದ ಪೆನ್ನು ನಿಂತಿತು. ನಸುಕಿನ ನಾಲ್ಕೂವರೆಗೆ ಎದ್ದು ಒಲೆ ಊದುತ್ತಿದ್ದ ಆಕೆಯ ಕೂಲಿ ಎಲ್ಲಿ ಬರೆಯಬೇಕು? ಮನೆಮಂದಿಯೆಲ್ಲ ಬಿಸಿನೀರು ಸುರಿದುಕೊಂಡ ಮೇಲೆ ಹಂಡೆಯ ತಳದಲ್ಲಿ ಉಳಿದ ಎರಡು ಚರಗಿ ಉಗುರುಬೆಚ್ಚಗಿನ ನೀರಿನಲ್ಲಿ ಆಕೆಯ ಜಳಕ ಮುಗಿಯುತ್ತಿತ್ತು. ಆ ಕಾಲಂ ಖಾಲಿ ಬಿಟ್ಟಿದ್ದೇನೆ.

ವಾಡಿಯ ಮಾಮಾ ರೈಲ್ವೆಯಲ್ಲಿದ್ದವರು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿ ಹಳಿಯನ್ನು ಕೂಡಿಕೊಂಡದ್ದು ವಾಡಿಯಲ್ಲಿ. ಊರು ಹುಟ್ಟಿ ಬೆಳೆದದ್ದೇ ಜಂಕ್ಷನ್ನಿನ ಸುತ್ತ. ಅವರ ಮನೆಯಲ್ಲಿ ಹಂಡೆಯಲ್ಲ, ತಾಮ್ರದ ಬಂಬು. ನಡುವೆ ಕೊಳವೆ, ಕೊಳವೆಯೊಳಗೆ ಬೆಂಕಿ, ಸುತ್ತ ನೀರು, ಕೆಳಗೆ ಹಿತ್ತಾಳೆ ನಲ್ಲಿ. ನಮ್ಮ ಹಂಡೆಗಿಂತ ಶಾಣ್ಯಾ ಯಂತ್ರ. ಉಗಿಬಂಡಿಯ ಕಾಲದಲ್ಲಿ ಎಂಜಿನ್ ಉದುರಿಸಿದ ಬೂದಿಯಲ್ಲಿ ಅರೆಬೆಂದ ಕಲ್ಲಿದ್ದಲು ಆರಿಸಿ ತಂದು ಬಂಬಿಗೆ ಹಾಕುತ್ತಿದ್ದರಂತೆ. "ನಾವು ಪುಕ್ಕಟೆ ರೈಲಿನಾಗಷ್ಟೇ ಹೋಗ್ತಿದ್ದಿಲ್ಲ ಅಳಿಯಾ, ಪುಕ್ಕಟೆ ರೈಲಿನ ಬೆಂಕಿಲಿಂದೇ ಜಳಕಾನೂ ಮಾಡ್ತಿದ್ದೆವು" ಎಂದು ಮಾಮಾ ನಕ್ಕರು. ಈಗ ಆ ಬಂಬು ಅಟ್ಟದ ಮೇಲಿದೆ. ತಾಮ್ರದ ಭಾವ ಏರಿದಾಗಲೆಲ್ಲ ಮಾಮಿ ಅದರ ಕಡೆ ಒಮ್ಮೆ ನೋಡುತ್ತಾಳೆ.

ಇನ್ನು ಈ ಕಾಲದ ಮಾತಿಗೆ ಬರೋಣ. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲೊರಿ. ಬಕೀಟಿಗೆ 360 ಬೇಕಾದರೆ ಅರ್ಧ ಯೂನಿಟ್ಟಿಗೂ ಕಡಿಮೆಯೇ ಆಯಿತು. ಅಲ್ಲಿ ಇಲ್ಲಿ ಸೋರಿಕೆ ಹಿಡಿದು 0.45 ಅನ್ನಿ. ತೆರಿಗೆ ಗಿರಿಗೆ ಎಲ್ಲ ಕೂಡಿಸಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಬಕೀಟು ನೀರಿಗೆ ಮೂರು ರೂಪಾಯಿ ಹದಿನೈದು ಪೈಸೆ. ಗ್ಯಾಸಿನ ಮಾತು ಹೇಳುವುದಾದರೆ, ಕಿಲೋಕ್ಕೆ ಸುಮಾರು 11,000 ಕಿಲೋಕ್ಯಾಲೊರಿ, 14.2 ಕಿಲೋದ ಸಿಲಿಂಡರಿಗೆ 900 ರೂಪಾಯಿ ಹಿಡಿದೆ. ಅಡುಗೆ ಒಲೆಯ ಮೇಲೆ ಪಾತ್ರೆಯಿಟ್ಟು ಕಾಸಿದರೆ ಶಾಖದಲ್ಲಿ ನೂರಕ್ಕೆ ಅರುವತ್ತರಷ್ಟು ನೀರಿಗೆ ಸೇರುತ್ತದೆ, ಬಕೀಟಿಗೆ ಮೂರೂವರೆ ರೂಪಾಯಿ. ಗ್ಯಾಸ್ ಗೀಸರಿನಲ್ಲಿ ಎಂಬತ್ತರಷ್ಟು ಸೇರಿ ಎರಡು ರೂಪಾಯಿ ಅರುವತ್ತು ಪೈಸೆ. ನಾಲ್ಕು ದಿನ ಕೂತು ಗುಣಿಸಿ ಭಾಗಿಸಿ ನೋಡಿದರೆ ಇವಿಷ್ಟರ ನಡುವಿನ ಫರಕು ಒಂದು ರೂಪಾಯಿಯ ಒಳಗೆ! ಇದಕ್ಕಾಗಿ ಜನ ಅಂಗಡಿಯಲ್ಲಿ ಅರ್ಧ ದಿನ ವಾದ ಮಾಡುತ್ತಾರೆ.

ಹಾಗಾದರೆ ರಾಡು, ಗೀಸರು, ಗ್ಯಾಸು ಎಲ್ಲ ಒಂದೇ ಎನ್ನಬೇಡಿ. ಖರ್ಚು ಬೇರೆ ಕಡೆ ಅಡಗಿರುತ್ತದೆ. ರಾಡಿನ ಖರ್ಚು ಮರೆವಿನಲ್ಲಿದೆ. 1500 ವ್ಯಾಟಿನ ರಾಡು ಹದಿನೆಂಟು ನಿಮಿಷಕ್ಕೆ ಬಕೀಟು ಕಾಸುತ್ತದೆ. ಆ ಹದಿನೆಂಟು ನಿಮಿಷದಲ್ಲಿ ಮನುಷ್ಯನಿಗೆ ಮತ್ತೊಂದು ಕೆಲಸ ನೆನಪಾಗುತ್ತದೆ. ಎರಡು ವರ್ಷದ ಹಿಂದೆ ನಾನು ರಾಡು ಹಾಕಿ, ಕಟ್ಟೆಗೆ ಬಂದ ಗೆಳೆಯರ ಜೊತೆ ಮಾತಿಗೆ ಕೂತವನು ಎದ್ದದ್ದು ಹೆಂಡತಿಯ ಕೂಗು ಕೇಳಿ. ನೀರು ಕುದ್ದು, ಆವಿಯಾಗಿ, ರಾಡು ಗಾಳಿಗೆ ಬಂದು, ಪ್ಲಾಸ್ಟಿಕ್ ಬಕೀಟು ಮೇಣದ ಗೊಂಬೆಯಂತೆ ಬಾಗಿತ್ತು. ಬಕೀಟು 180, ರಾಡು 450, ಮೂರು ಯೂನಿಟ್ ಕರೆಂಟು. ಅವತ್ತಿನ ಜಳಕಕ್ಕೆ 650 ರೂಪಾಯಿ ಬಿದ್ದರೂ ಜಳಕ ಮಾತ್ರ ಆಗಲಿಲ್ಲ. ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು ಎಂಬುದನ್ನು ಮಾತ್ರ ನಾನು ಒಂದು ದಿನವೂ ಮರೆತಿಲ್ಲ. ಅದನ್ನು ಮರೆತವರು ಲೆಕ್ಕ ಬರೆಯಲು ಉಳಿಯುವುದಿಲ್ಲ.

ಚಿತ್ತಾಪುರದ ಅಕ್ಕನ ಮನೆಯಲ್ಲಿ ಗ್ಯಾಸ್ ಗೀಸರ್. ನಲ್ಲಿ ತಿರುವಿದರೆ ಭುಸ್ ಎಂದು ನೀಲಿ ಬೆಂಕಿ, ಆ ಕ್ಷಣವೇ ಬಿಸಿನೀರು. ನನಗೆ ಬಹಳ ಹಿಡಿಸಿತು. ಆದರೆ ಅದನ್ನು ಹಾಕಿದ್ದು ಬಚ್ಚಲಿನ ಒಳಗೆ, ಇದ್ದ ಒಂದೇ ಕಿಟಕಿಗೆ ಚಳಿಗೆಂದು ರಟ್ಟು ಹೊಡೆದಿದ್ದರು. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸು ಇಂಗಾಲದ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಒಳಗಿದ್ದವರಿಗೆ ನಿದ್ದೆ ಬಂದಂತಾಗುತ್ತದೆ, ಅಷ್ಟೇ. ಇದನ್ನು ಹೇಳಿದೆ. "ತಮ್ಮಾ, ಐದು ವರ್ಷ ಆಯ್ತು, ಏನೂ ಆಗಿಲ್ಲ" ಎಂದಳು ಅಕ್ಕ. ಏನಾದರೂ ಆದಮೇಲೆ ಹೇಳಲು ಯಾರೂ ಇರುವುದಿಲ್ಲವಲ್ಲ. ವಾದ ಬಿಟ್ಟು, ಸ್ಟೂಲು ಹಾಕಿಕೊಂಡು ರಟ್ಟು ಕಿತ್ತು ಬಂದೆ. ಒಂದು ತಿಂಗಳು ಆಕೆ ಫೋನು ಮಾಡಲಿಲ್ಲ. ಸಂಕ್ರಾಂತಿಗೆ ಬಂದಾಗ ಭಾವ ಮೆಲ್ಲಗೆ, ಗೀಸರನ್ನು ಹಿತ್ತಲಿನ ಗೋಡೆಗೆ ಹಾಕಿಸಿದೆವು ಎಂದರು.

ಶಹಾಬಾದಿನ ಕಾಕಾ ಸೂರ್ಯನನ್ನು ನಂಬಿದವರು. ಮಾಳಿಗೆಯ ಮೇಲೆ ಗಾಜಿನ ಕೊಳವೆಗಳ ಸೋಲಾರ್, 100 ಲೀಟರಿನದು, 22,000 ರೂಪಾಯಿ ಕೊಟ್ಟು ಹಾಕಿಸಿದ್ದಾರೆ. ದಿನದ ಖರ್ಚು ಸೊನ್ನೆ. ಇದು ಅವ್ವನ ಸೊನ್ನೆಯಂತಲ್ಲ, ನಿಜವಾದ ಸೊನ್ನೆ ಎಂದುಕೊಂಡೆ. ಅಷ್ಟರಲ್ಲಿ ಭಾನುವಾರ ಬಂತು. ಕಾಕಾ ಒದ್ದೆ ಅರಿವೆ ಹಿಡಿದು ಮಾಳಿಗೆ ಹತ್ತಿದರು. ಗಾಜಿನ ಮೇಲೆ ಬೂದಿ ಬಣ್ಣದ ಮೆತ್ತನೆ ದೂಳು. ಎಲ್ಲಿಂದ ಬರುತ್ತದೆ ಎಂದು ಕೇಳಿದೆ. "ಗಾಳಿಲಿಂದ ಬರ್ತದ" ಎಂದರು ಕಾಕಾ. ನಮ್ಮ ಕಡೆ ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳುವುದಿಲ್ಲ. ಒರೆಸಿದ ಮೇಲೆ ಕೊಳವೆಗಳು ಕಪ್ಪಗೆ ಹೊಳೆದವು, ಮರುದಿನ ನೀರು ಮುಟ್ಟಲಾಗದಷ್ಟು ಸುಟ್ಟಿತು.

ಆದರೆ ಸೋಲಾರಿನ ಲೆಕ್ಕ ಬೇರೆ ಊರಿನಲ್ಲಿ ಒಂದು ಥರ, ನಮ್ಮ ಸೀಮೆಯಲ್ಲಿ ಒಂದು ಥರ. ಇಲ್ಲಿ ಬಿಸಿನೀರು ಬೇಕಾಗುವುದು ನವೆಂಬರಿನಿಂದ ಫೆಬ್ರುವರಿವರೆಗೆ, ಬಹಳವಾದರೆ 120 ದಿನ. ನಾಲ್ಕು ಮಂದಿ, ನಾಲ್ಕು ಬಕೀಟು, 216 ಯೂನಿಟ್, 1512 ರೂಪಾಯಿ. ವರ್ಷಕ್ಕೆ ಇಷ್ಟು ಉಳಿದರೆ 22,000 ತೀರಲು ಹದಿನಾಲ್ಕೂವರೆ ವರ್ಷ. ಕಾಕಾಗೆ ಈಗ ಎಪ್ಪತ್ತೆರಡು. ಹೇಳಬಾರದಿತ್ತು, ಹೇಳಿಬಿಟ್ಟೆ. ಅವರು ಅರಿವೆ ಹಿಂಡುತ್ತ, "ಮಾವಿನ ಗಿಡ ಹಚ್ಚೋರಿಗಿ ಹೋಗಿ ಇದೇ ಲೆಕ್ಕ ಹೇಳು" ಎಂದರು.

ಬ್ಯಾಸಗಿಯ ಮಾತು ಹೇಳದೆ ನಮ್ಮ ಜಳಕದ ಮಾತು ಮುಗಿಯುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿಗೆ ಏರುತ್ತದೆ. ಮಾಳಿಗೆಯ ಮೇಲಿನ ಕರಿ ಸಿಂಟೆಕ್ಸ್ ಮಧ್ಯಾಹ್ನಕ್ಕೆ ತಾನೇ ಒಂದು ಬಂಬು. ನಲ್ಲಿ ತಿರುವಿ ಕೈಯೊಡ್ಡಿದರೆ ಚುರ್ ಎನ್ನುತ್ತದೆ. ಆಗ ನಾವು ಬೇಡುವುದು ತಣ್ಣೀರನ್ನು. ರಾತ್ರಿಯೇ ಬಕೀಟು ತುಂಬಿ ಅಂಗಳದಲ್ಲಿಡುತ್ತೇವೆ, ಟಾಕಿಗೆ ಒದ್ದೆ ಗೋಣಿಚೀಲ ಸುತ್ತುತ್ತೇವೆ, ಬಿಳಿ ಸುಣ್ಣ ಬಳಿಯುತ್ತೇವೆ. ಕಾಕಾ ಆ ಹೊತ್ತಿಗೆ 22,000 ರೂಪಾಯಿಯ ಗಾಜಿನ ಕೊಳವೆಗಳ ಮೇಲೆ ಗೋಣಿ ಹೊದಿಸಿ, ಸೂರ್ಯ ತಾಕದಂತೆ ಕಾಯುತ್ತಾರೆ. ಹಳ್ಳಿಯ ಮನೆಯಲ್ಲಿ ಬೇವಿನ ಗಿಡದ ನೆರಳಿಗೆ ಫರಸಿ ಕಲ್ಲು ನಿಲ್ಲಿಸಿ ಕಟ್ಟಿದ ಹೌದವಿತ್ತು. ಅದರ ನೀರು ಏಪ್ರಿಲ್‌ನಲ್ಲೂ ಹಲ್ಲು ಜುಮ್ಮೆನ್ನಿಸುತ್ತಿತ್ತು. ನೀರು ಕಾಸುವ ಯಂತ್ರ ನೂರು ನಮೂನೆ ಇವೆ, ಜಳಕದ ನೀರು ತಣಿಸುವ ಯಂತ್ರ ಮಾರುವ ಒಂದು ಅಂಗಡಿಯನ್ನೂ ನಾನು ಸೇಡಂನಲ್ಲಿ ಕಂಡಿಲ್ಲ. ಯಂತ್ರ ಮಾಡುವವರೆಲ್ಲ ಚಳಿಯ ಊರಿನವರಿರಬೇಕು.

ಈಗ ಶವರ್.

ನರಕ ಚತುರ್ದಶಿಯ ನಸುಕಿನಲ್ಲಿ ಅದರ ಉದ್ಘಾಟನೆ. ಮಗನ ತಲೆಗೆ ಅವನ ಅವ್ವ ಗಾಣದ ಎಣ್ಣೆ ಬಡಿದು ಕಳಿಸಿದಳು. ಮೊದಲು ಹನಿಯೇ ಬೀಳಲಿಲ್ಲ. ನೀರಿನ ಒತ್ತಡಕ್ಕೆ ಎತ್ತರ ಬೇಕು: ಹತ್ತು ಮೀಟರ್ ಎತ್ತರದ ಟಾಕಿ ಕೊಡುವುದು ಒಂದು ಬಾರ್. ನಮ್ಮ ಟಾಕಿ ಶವರಿಗಿಂತ ಎರಡು ಮೀಟರ್ ಮೇಲಿದೆ. ತಾಟಿನಷ್ಟಗಲದ ಶವರಿಗೆ ಅದು ಯಾತಕ್ಕೂ ಸಾಲದು. ನೀರು ನಡುವಿನ ನಾಲ್ಕು ತೂತಿನಿಂದ ಮೂಗು ಸೋರಿದಂತೆ ಸೋರಿತು. ಅವತ್ತು ಬಕೀಟಿನಲ್ಲೇ ಹಬ್ಬ ಮುಗಿಸಿದೆವು. ಪಾಡ್ಯದ ಮರುದಿನ ಪ್ರೆಶರ್ ಪಂಪು ಬಂತು. ಆಮೇಲೆ ನಿಜಕ್ಕೂ ಮಳೆಯೇ. ಶವರಿನ ಕೆಳಗೆ ಬಕೀಟಿಟ್ಟು ಗಡಿಯಾರ ಹಿಡಿದೆ: ಒಂದು ನಿಮಿಷ ನಲವತ್ತು ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 12 ಲೀಟರ್.

ಮಗ ಎಣ್ಣೆ ಹಚ್ಚಿಕೊಂಡು ಮತ್ತೆ ಒಳಗೆ ಹೋದ. ಹಾಡು ಕೇಳಿಸಿತು. ಎರಡೂವರೆ ನಿಮಿಷಕ್ಕೆ ಸರಿಯಾಗಿ ಹಾಡು ನಿಂತು ಕೂಗು ಕೇಳಿಸಿತು. ನಮ್ಮದು 15 ಲೀಟರಿನ ಗೀಸರ್. 60 ಡಿಗ್ರಿಯ 15 ಲೀಟರಿಗೆ ಹೆಚ್ಚುಕಡಿಮೆ ಅಷ್ಟೇ ತಣ್ಣೀರು ಕೂಡಿದರೆ 40 ಡಿಗ್ರಿಯ 30 ಲೀಟರ್ ಆಗುತ್ತದೆ. ನಿಮಿಷಕ್ಕೆ 12ರಂತೆ ಎರಡೂವರೆ ನಿಮಿಷದ ಬಾಳು. ಸಾಬೂನು ಕಣ್ಣಿಗಿಳಿದ ಹುಡುಗನಿಗೆ ಬಾಗಿಲಾಚೆಯಿಂದ ಈ ಲೆಕ್ಕ ವಿವರಿಸಿದೆ. ಅವನು ಏನೋ ಅಂದ, ನೀರಿನ ಸದ್ದಿಗೆ ಕೇಳಿಸಲಿಲ್ಲ.

ಸರಿ, ದೊಡ್ಡ ಗೀಸರ್ ಹಾಕಿಸಿದೆವು ಎಂದಿಟ್ಟುಕೊಂಡು ಮುಂದಿನ ಲೆಕ್ಕ ಮಾಡಿದೆ. ಎಂಟು ನಿಮಿಷದ ಜಳಕಕ್ಕೆ 96 ಲೀಟರ್, ಐದು ಬಕೀಟಿಗೆ ನಾಲ್ಕು ಲೀಟರ್ ಕಡಿಮೆ. ಶಾಖಕ್ಕೆ ಎರಡು ಯೂನಿಟ್, 14 ರೂಪಾಯಿ. ನಾಲ್ಕು ಮಂದಿಗೆ ತಿಂಗಳಿಗೆ 240 ಯೂನಿಟ್. ಬಕೀಟಿನಲ್ಲಾದರೆ 54. ಇಲ್ಲಿಗೆ ಮುಗಿಯಲಿಲ್ಲ. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಉದ್ಘಾಟನೆಯಾದ ಗೃಹಜ್ಯೋತಿಯ ಲೆಕ್ಕ ಬೇರೆ ಇದೆ. 2022–23ರಲ್ಲಿ ಬಳಸಿದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಯೂನಿಟ್ ಪುಕ್ಕಟೆ. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಮ್ಮ ಸರಾಸರಿ 130, ಹಾಗಾಗಿ 143ರವರೆಗೆ ಬಿಲ್ಲು ಸೊನ್ನೆ. ಮನೆಯ ಉಳಿದ ಬಳಕೆ 85, ಬಕೀಟು ನೀರಿನ 54 ಕೂಡಿದರೆ 139. ಗೆದ್ದೆವು. ಶವರಿನ 240 ಕೂಡಿದರೆ 325. ಸೊನ್ನೆಯ ಬಿಲ್ಲು ಒಂದೇ ಜಿಗಿತಕ್ಕೆ 2,275 ರೂಪಾಯಿ. ಈ ಅಂಕಿಯನ್ನು ಕೆಂಪು ಶಾಯಿಯಲ್ಲಿ ಬರೆದು ಹೆಂಡತಿಗೆ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಓದಿ, "ಇದು ನಾ ಬಾಗಲದಾಗ ನಿಂತಾಗೇ ಹೇಳಿದ್ದೆ" ಎಂದಳು. ಹೇಳಿರಲಿಲ್ಲ, ಕೇಳಿದ್ದಳು. ತಿದ್ದಲು ಹೋಗಲಿಲ್ಲ.

ಇಂಗ್ಲೆಂಡಿನಲ್ಲಿರುವ ಅಕ್ಕನ ಮೊಮ್ಮಗ ಫೋನಿನಲ್ಲಿ ಈ ಸುದ್ದಿ ಕೇಳಿ ನಕ್ಕ. ಅವನ ಬಚ್ಚಲಲ್ಲಿ ಕರೆಂಟಿನ ಶವರ್, ನೀರು ಹರಿಯುತ್ತಲೇ ಕಾಯುವಂಥದ್ದು, 9 ಕಿಲೋವ್ಯಾಟ್. ಆರು ನಿಮಿಷದ ಜಳಕಕ್ಕೆ 0.9 ಯೂನಿಟ್, ಅಲ್ಲಿಯ ದರದಲ್ಲಿ ನಮ್ಮ ಇಪ್ಪತ್ತೈದು ರೂಪಾಯಿ. ದುಂದು ಎಂದುಕೊಂಡು ಗುಣಿಸಿ ನೋಡಿದೆ. ಅಲ್ಲಿಯ ಚಳಿಯ ನೀರನ್ನು 30 ಡಿಗ್ರಿ ಮೇಲೆತ್ತಬೇಕು. 9 ಕಿಲೋವ್ಯಾಟಿನಲ್ಲಿ ನಿಮಿಷಕ್ಕೆ ನಾಲ್ಕೂಕಾಲು ಲೀಟರಿಗಿಂತ ಹೆಚ್ಚು ಕಾಯುವುದಿಲ್ಲ. ಆರು ನಿಮಿಷಕ್ಕೆ 26 ಲೀಟರ್, ಅಂದರೆ ಒಂದೂಕಾಲು ಬಕೀಟು. ಹುಡುಗ ಶವರಿನಲ್ಲಿ ನಿಂತು ಬಕೀಟು ಜಳಕವನ್ನೇ ಮಾಡುತ್ತಿದ್ದಾನೆ, ಅವನಿಗೆ ಗೊತ್ತಿಲ್ಲ. ಅದನ್ನು ಇಲ್ಲಿ ತಂದು ಹಾಕುವಂತಿಲ್ಲ. ನಮ್ಮ ಮನೆಗೆ ಮಂಜೂರಾದ ಲೋಡೇ 2 ಕಿಲೋವ್ಯಾಟ್. ಪ್ರತಿ ಕಿಲೋವ್ಯಾಟಿಗೂ ತಿಂಗಳಿಗೆ ನೂರರ ಮೇಲೆ ನಿಗದಿ ಶುಲ್ಕವಿದೆ. ಒಂಬತ್ತು ಕೇಳಿದರೆ ನಲ್ಲಿ ತಿರುವುವ ಮೊದಲೇ ಸಾವಿರ ಹೋಗುತ್ತದೆ.

ದುಡ್ಡಿನ ಜಗಳ ಹೀಗೆ ನಡೆದಿರುವಾಗ ಶವರು ತಾನೇ ಒಂದು ತೀರ್ಮಾನಕ್ಕೆ ಬಂದಿತ್ತು. ಮೂರನೆಯ ವಾರಕ್ಕೆ ಅಂಚಿನ ತೂತುಗಳು ಮುಚ್ಚಿದವು. ಐದನೆಯ ವಾರಕ್ಕೆ ಅರ್ಧ. ತೂತಿನ ಬಾಯಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಗಂಟು. ಉಗುರಿನಿಂದ ಕೆತ್ತಿ ಅಂಗೈಗೆ ಹಾಕಿಕೊಂಡು ನೋಡಿದೆ. ಸುಣ್ಣ.

ಇದರ ಮೂಲ ಹುಡುಕಲು ಬಚ್ಚಲು ಬಿಟ್ಟು ಹೋಗಬೇಕಿರಲಿಲ್ಲ. ಕಾಲ ಕೆಳಗೆ ಹಾಸಿದ್ದು ಶಹಾಬಾದಿನ ಫರಸಿ, ಸುಣ್ಣದ ಕಲ್ಲು. ಗೋಡೆಗೆ ಬಡಿದದ್ದು ಸಿಮೆಂಟು, ಅದೂ ಸುಣ್ಣದ ಕಲ್ಲನ್ನೇ ಪುಡಿ ಮಾಡಿ 1450 ಡಿಗ್ರಿಯಲ್ಲಿ ಸುಟ್ಟದ್ದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳೆಲ್ಲ ಇಲ್ಲಿ ಬಂದು ಕೂತದ್ದೇ ಈ ಕಲ್ಲಿಗಾಗಿ. ಎಣಿಸಲಾರದಷ್ಟು ಹಿಂದೆ ಇಲ್ಲಿ ಕಡಲಿತ್ತು. ಅದರ ತಳದಲ್ಲಿ ಪದರ ಪದರವಾಗಿ ಕೂತ ಕೆಸರೇ ಇವತ್ತಿನ ಫರಸಿ. ಮಳೆನೀರು ಗಾಳಿಯ ಇಂಗಾಲಾಮ್ಲವನ್ನು ಕೂಡಿಕೊಂಡು ಈ ಕಲ್ಲಿನ ಸಂದಿಗಳಲ್ಲಿ ಇಳಿಯುವಾಗ ಅದನ್ನು ಇಷ್ಟಿಷ್ಟೇ ಕರಗಿಸಿಕೊಳ್ಳುತ್ತದೆ. ನಾವು ಬೋರಿನಿಂದ ಎತ್ತುವುದು ಆ ಕಲ್ಲಿನ ಸಾರು. ಕಾಸಿದರೆ ಅನಿಲ ಹಾರಿಹೋಗಿ ಕಲ್ಲು ಮತ್ತೆ ಕಲ್ಲಾಗುತ್ತದೆ: ಹಂಡೆಯ ತಳಕ್ಕೆ, ರಾಡಿನ ಮೈಗೆ, ಗೀಸರಿನ ಹೊಟ್ಟೆಗೆ, ಶವರಿನ ಬಾಯಿಗೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಜಳಕದ ನೀರಿಗೆ ಅಂಥ ಮಾನಕವಿಲ್ಲ, ಸಾಬೂನೇ ಹೇಳುತ್ತದೆ. ನೊರೆ ಬರುವ ಮೊದಲು ಅರ್ಧ ಬಿಲ್ಲೆ ಸವೆಯುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಸಾಬೂನಿನ ಖರ್ಚು ತಿಂಗಳಿಗೆ 240 ರೂಪಾಯಿ, ನಾಲ್ಕು ಮಂದಿಯ ಬಿಸಿನೀರಿನ 378ರ ಬೆನ್ನ ಹಿಂದೆಯೇ ನಿಂತಿದೆ. ಇದೇ ಬೋರಿನ ನೀರಿಗೆ ತೊಗರಿ ಬ್ಯಾಳಿಯೂ ಬೇಯುವುದಿಲ್ಲ. ತೊಗರಿಯ ಕಣಜದಲ್ಲಿ ಕೂತು ಬ್ಯಾಳಿ ಬೇಯಿಸಲು ನಾವು ಸಿಹಿನೀರು ಹುಡುಕುತ್ತೇವೆ.

ಸುಣ್ಣ ಕೂತರೆ ಗೀಸರು ಹೆಚ್ಚು ಕರೆಂಟು ತಿನ್ನುತ್ತದೆ ಎಂದು ರಿಪೇರಿಯವರು ಹೇಳುವುದುಂಟು. ಅದು ಅಷ್ಟು ಖರೇ ಅಲ್ಲ. ನೀರಿನೊಳಗೆ ಮುಳುಗಿದ ಕಾಯಿಲಿನ ಶಾಖ ಸುಣ್ಣದ ಪದರ ದಾಟಿ ಕೊನೆಗೂ ನೀರಿಗೇ ಬರಬೇಕು, ಬೇರೆ ದಾರಿಯಿಲ್ಲ. ಕೆಡುವುದು ಕಾಯಿಲು: ಶಾಖ ಬಿಡಲಾಗದೆ ತಾನೇ ಕಾದು ಸುಟ್ಟುಹೋಗುತ್ತದೆ. ಗ್ಯಾಸ್ ಗೀಸರಿನಲ್ಲಿ ಮಾತ್ರ ಸುಣ್ಣ ಕೂತಷ್ಟೂ ಬೆಂಕಿ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ವಾಡಿಯ ಮಾಮಾ ಹೇಳಿದರು, ಉಗಿ ಎಂಜಿನ್ನಿನ ಬಾಯ್ಲರನ್ನೂ ಹೀಗೇ ಆಗಾಗ ಖಾಲಿ ಮಾಡಿ ತೊಳೆಯಬೇಕಿತ್ತಂತೆ. ಅಷ್ಟು ದೊಡ್ಡ ಕರಿ ಎಂಜಿನ್ನನ್ನು ಕಾಡಿದ ಕಲ್ಲಿಗೆ ನನ್ನ ಮಗನ ಶವರು ಯಾವ ಲೆಕ್ಕ?

ಹೆಂಡತಿ ಶವರ್ ಬಿಚ್ಚಿಸಿ, ಹುಣಸೆಹುಳಿ ಕಿವುಚಿದ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟಳು. ತಾಮ್ರದ ಹಂಡೆ ಬೆಳಗುತ್ತಿದ್ದ ಅವ್ವನ ವಿದ್ಯೆ. ಬೆಳಿಗ್ಗೆ ನೋಡಿದರೆ ತೂತೆಲ್ಲ ಬಾಯಿ ತೆರೆದಿದ್ದವು. ಹುಣಸೆ ಅರ್ಧ ಪಾವು, 25 ರೂಪಾಯಿ, ಐದು ವಾರಕ್ಕೊಮ್ಮೆ. ಅದನ್ನೂ ಬರೆದುಕೊಂಡೆ.

ಇಷ್ಟೆಲ್ಲ ಬರೆದ ಮೇಲೆ ನನಗೆ ಹೊಳೆದದ್ದು ಬಕೀಟಿನ ಗುಣ. ಬಕೀಟಿಗೆ ತಳವಿದೆ. ತಲೆಗೆ ನಾಲ್ಕು ಚರಗಿ, ಮೈಗೆ ನಾಲ್ಕು, ಸಾಬೂನು ತೊಳೆಯಲು ಆರು ಎಂದು ನಮ್ಮ ಕೈಗೆ ತಾನೇ ಗೊತ್ತು. ತಳ ಕಂಡಾಗ ಜಳಕ ಮುಗಿಯುತ್ತದೆ. ಶವರಿನ ನೀರಿಗೆ ತಳ ಕಾಣುವುದಿಲ್ಲ, ಹಾಗಾಗಿ ಜಳಕ ಎಲ್ಲಿ ಮುಗಿಯಬೇಕು ಎಂಬುದು ನಿಂತವನ ಮನಸ್ಸಿಗೆ ಬಿಟ್ಟದ್ದು. ನನ್ನ ಮಗನ ಮನಸ್ಸು ಎಂಟು ನಿಮಿಷದ್ದು. ಸೊಸೆಯದು ಎಷ್ಟು ಎಂದು ಗಡಿಯಾರ ಹಿಡಿಯುವುದು ಮಾವನಿಗೆ ಶೋಭೆಯಲ್ಲ. ಆಕೆಯೇ ಒಂದು ದಿನ, "ಮಾವಾರೀ, ನನ್ನದು ನಾಲ್ಕು ನಿಮಿಷ ಬರ್ಕೋರಿ" ಎಂದು ಹೇಳಿ ಹೋದಳು. ಬರೆದುಕೊಂಡೆ.

ಇನ್ನು ಖರ್ಚೇ ಇಲ್ಲದ ಶವರ್ ಬೇಕೆನ್ನುವವರು ಚಿಂಚೋಳಿಗೆ ಹೋಗಬೇಕು. ಚಂದ್ರಂಪಳ್ಳಿಯ ಕಾಡಿನ ಕಡೆ ಎತ್ತಿಪೋತ ಎಂಬ ಝರಿಯಿದೆ. ತೆಲುಗು ಬಲ್ಲವರಿಗೆ ಹೆಸರೇ ಹೇಳುತ್ತದೆ, ಎತ್ತಿ ಹೊಯ್ಯುವುದು ಎಂದು. ಹುಡುಗರಿದ್ದಾಗ ಶ್ರಾವಣದಲ್ಲಿ ಅಲ್ಲಿ ನಿಂತು ಬೆನ್ನು ಕೊಟ್ಟಿದ್ದೇವೆ. ಪಂಪು ಬೇಡ, ಗೀಸರ್ ಬೇಡ, ಹುಣಸೆಹುಳಿ ಬೇಡ. ಬ್ಯಾಸಗಿಯಲ್ಲಿ ಮಾತ್ರ ಬರೀ ಬಂಡೆ ಇರುತ್ತದೆ.

ನಮ್ಮ ಮನೆಯಲ್ಲೀಗ ಒಂದು ಒಪ್ಪಂದವಾಗಿದೆ. ಓಣಿಗೆ ನಲ್ಲಿ ನೀರು ಬರುವುದು ಮಂಗಳವಾರ, ಶುಕ್ರವಾರ. ಮರುದಿನ ಟಾಕಿ ತುಂಬಿರುತ್ತದೆ, ಬೋರಿನ ಗಡಸು ನೀರು ಬೆರೆತಿರುವುದಿಲ್ಲ. ಆ ಎರಡು ದಿನ ಶವರಿಗೆ ಪರವಾನಗಿ, ಉಳಿದ ಐದು ದಿನ ಬಕೀಟು. ಸೇಡಂಗೆ ಬಂದರೆ ನಮ್ಮ ಮನೆಗೆ ಬನ್ನಿ. ಮಳೆ ಬಿದ್ದಂಥ ಜಳಕ ಬೇಕೆಂದರೆ ಬುಧವಾರವೋ ಶನಿವಾರವೋ ಬರಬೇಕು.